ತೋಟದ ಆರ್‌ಟಿಸಿ ಸೊಸೈಟಿಗೆ ಕೊಡಬೇಡಿ

ಅಲ್ ಕುಸೈಸ್, ದುಬೈ
ಶುಕ್ರವಾರ ಸಂಜೆ

ತೀರ್ಥರೂಪ ಅಪ್ಪಯ್ಯನವರಿಗೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವು ನಾಲ್ವರೂ ಕ್ಷೇಮ. ಅಲ್ಲಿ ನಿಮ್ಮೆಲ್ಲರ ಕ್ಷೇಮ ಸಮಾಚಾರಕ್ಕೆ ಬರೆಯುತ್ತಿರಿ.

ಸಣ್ಣ ಮಾವನ ಕೈಯಲ್ಲಿ ಕಳಿಸಿದ ಪತ್ರವೂ ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳವೂ ಮೊನ್ನೆ ತಲುಪಿದವು. ತಂಗಿಯ ಮದುವೆಗೆ ತೋಟದ ಮೇಲೆ ಸಾಲ ತೆಗೆಯುವ ವಿಷಯವನ್ನು ಫೋನಿನಲ್ಲಿ ಆಡಿದರೆ ಪಕ್ಕದಲ್ಲಿರುವ ಅವಳ ಕಿವಿಗೆ ಬಿದ್ದು ಅವಳು ಮದುವೆಯೇ ಬೇಡವೆಂದು ಕೂತಾಳು ಎಂಬ ಕಾರಣಕ್ಕೆ ನೀವು ಕಾಗದ ಹಿಡಿದಿದ್ದೀರಿ ಎಂದು ಓದುತ್ತಿದ್ದಂತೆಯೇ ಗೊತ್ತಾಯಿತು. ಆದ್ದರಿಂದ ನಾನೂ ಕಾಗದದಲ್ಲೇ ಉತ್ತರಿಸುತ್ತಿದ್ದೇನೆ. ಮೊದಲು ಒಂದು ಮಾತು: ದಯವಿಟ್ಟು ತೋಟದ ಆರ್‌ಟಿಸಿಯನ್ನು ಸೊಸೈಟಿಗೆ ಕೊಡಬೇಡಿ. ಅರ್ಜಿ ಬರೆದಾಗಿದ್ದರೆ ಸೋಮವಾರವೇ ಹೋಗಿ ಹಿಂದಕ್ಕೆ ತೆಗೆದುಕೊಳ್ಳಿ. ಉಳಿದದ್ದನ್ನು ಆಮೇಲೆ ಓದಬಹುದು.

ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. 2019ರಲ್ಲಿ ನಾನು ಒಬ್ಬನೇ ಇದ್ದಾಗ, ಸಂಬಳ ಬರೀ 9,000 ದಿರ್ಹಮ್ ಇದ್ದಾಗ, ತಿಂಗಳಿಗೆ 95,000 ರೂಪಾಯಿ ಊರಿಗೆ ಬರುತ್ತಿತ್ತು. ಈಗ ಸಂಬಳ 13,500 ಆಗಿದೆ, ಆಗ 19 ರೂಪಾಯಿ ಆಸುಪಾಸಿನಲ್ಲಿದ್ದ ದಿರ್ಹಮ್ 23 ದಾಟಿದೆ, ಸಂಬಳದ ಮೇಲೆ ತೆರಿಗೆಯೂ ಇಲ್ಲ; ಆದರೂ ನಿಮ್ಮ ಕೈಗೆ ಬರುವುದು 35,000. ದುಡ್ಡು ಎಲ್ಲಿ ಹೋಗುತ್ತಿದೆ ಎಂದು ನೀವು ಕೇಳದೆ ಇನ್ನು ಯಾರು ಕೇಳಬೇಕು? ಇದುವರೆಗೆ ನಾನು ಲೆಕ್ಕ ಬಿಡಿಸಿ ಹೇಳದೇ ಇದ್ದದ್ದು ತಪ್ಪು. ಈಗ ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಬರೆಯುತ್ತೇನೆ.

ದಿರ್ಹಮ್ ಏರಿದೆ ಎನ್ನುವ ಮಾತಿನಿಂದಲೇ ಶುರುಮಾಡುತ್ತೇನೆ. ಒಂದು ಡಾಲರಿಗೆ 3.6725 ದಿರ್ಹಮ್ ಎಂದು 1997ರಿಂದಲೂ ಇಲ್ಲಿ ದರ ಕಟ್ಟಿಬಿಟ್ಟಿದ್ದಾರೆ. ಡಾಲರಿನ ಎದುರು ನಮ್ಮ ರೂಪಾಯಿ ಇಳಿದಷ್ಟೂ ದಿರ್ಹಮ್ ಏರಿದಂತೆ ಊರಿನಲ್ಲಿ ಕಾಣುತ್ತದೆ. ಆದರೆ ಆ ಏರಿಕೆಯ ಲಾಭ ಸಿಗುವುದು ಊರಿಗೆ ಕಳಿಸುವ ಹಣಕ್ಕೆ ಮಾತ್ರ. ಮನೆ ಬಾಡಿಗೆ, ಶಾಲೆಯ ಫೀಸು, ಅಕ್ಕಿ ಬೇಳೆ ಎಲ್ಲವೂ ದಿರ್ಹಮ್‌ನಲ್ಲೇ ತೀರಿಹೋಗುತ್ತವೆ. ಒಬ್ಬನೇ ಇದ್ದಾಗ ಸಂಬಳದ ಅರ್ಧಕ್ಕಿಂತ ಹೆಚ್ಚು ರೂಪಾಯಿಯಾಗುತ್ತಿತ್ತು. ಈಗ ರೂಪಾಯಿಯಾಗುವುದು ಒಂಬತ್ತರಲ್ಲಿ ಒಂದು ಪಾಲು. ಆದ್ದರಿಂದ ಪೇಪರಿನಲ್ಲಿ ದರ ಏರಿದ ಸುದ್ದಿ ಓದಿ ನೀವು ಸಂತೋಷಪಟ್ಟಷ್ಟು ನಮಗೆ ಇಲ್ಲಿ ಅನುಕೂಲವಾಗಿಲ್ಲ.

ದೊಡ್ಡ ಖರ್ಚು ಮನೆಯದು. ಇಲ್ಲಿ ಬಾಡಿಗೆಯನ್ನು ವರ್ಷಕ್ಕೆ ಮಾತಾಡಿ, ಮುಂದಿನ ತಾರೀಖು ಹಾಕಿದ ಚೆಕ್ಕುಗಳನ್ನು ಮೊದಲೇ ಕೊಟ್ಟುಬಿಡಬೇಕು. ನಮ್ಮದು ಒಂದು ಬೆಡ್‌ರೂಮ್, ಒಂದು ಹಾಲ್ ಇರುವ ಫ್ಲ್ಯಾಟ್. ಕಳೆದ ವರ್ಷ 62,000 ಇತ್ತು. ಈ ಸಲ ಮಾಲೀಕರ ಕಡೆಯವರು 72,000 ಎಂದರು. ನಾನು ಸುಮ್ಮನಿರಲಿಲ್ಲ. ದುಬೈ ಸರ್ಕಾರದ 2013ರ 43ನೇ ಆದೇಶದ ಪ್ರಕಾರ ನಮ್ಮ ಬಾಡಿಗೆ ಸುತ್ತಲಿನ ದರಕ್ಕಿಂತ ಎಷ್ಟು ಕಡಿಮೆಯಿದೆ ಎನ್ನುವುದರ ಮೇಲೆ ಏರಿಕೆಯ ಮಿತಿ ನಿಂತಿದೆ; ಅಂತರ ಶೇ 11ರಿಂದ 20 ಇದ್ದರೆ ಶೇ 5ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಭೂ ಇಲಾಖೆಯ ಬಾಡಿಗೆ ಸೂಚ್ಯಂಕದಲ್ಲಿ ನಮ್ಮ ಕಟ್ಟಡವನ್ನು ಹುಡುಕಿ, ಪ್ರಿಂಟ್ ತೆಗೆದು, ಅವರ ಮೇಜಿನ ಮೇಲಿಟ್ಟೆ. ಕೊನೆಗೆ 65,100ಕ್ಕೆ ಒಪ್ಪಿದರು. ಕಾನೂನು ಇಷ್ಟು ಸ್ಪಷ್ಟವಾಗಿ ಕೈಗೆ ಸಿಗುವುದು ಈ ಊರಿನ ದೊಡ್ಡ ಗುಣ ಎಂದು ನಾನು ಯಾರ ಮುಂದೆಯೂ ಹೇಳುತ್ತೇನೆ.

ಆ ರಾತ್ರಿ ಊಟದ ಮೇಜನ್ನು ಒರೆಸಿ, ಕರವಸ್ತ್ರ ಹಾಸಿ, ತಲಾ 16,275 ದಿರ್ಹಮ್‌ನ ನಾಲ್ಕು ಚೆಕ್ಕು ಬರೆದೆ. ನಿಮ್ಮ ಸೊಸೆ ಪಕ್ಕದಲ್ಲಿ ಕೂತು ಪ್ರತಿಯೊಂದರ ತಾರೀಖನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಮಾಡಿದಳು. ಮೂರು ತಿಂಗಳಿಗೊಮ್ಮೆ ಆ ಕೆಂಪು ಗುರುತು ಬರುವ ವಾರ ನಮ್ಮ ಮನೆಯಲ್ಲಿ ಮೀನೂ ಇಲ್ಲ, ಹೊರಗಿನ ಊಟವೂ ಇಲ್ಲ. ಚೆಕ್ಕು ವಾಪಸಾಗಬಾರದು ಎನ್ನುವುದೊಂದೇ ಯೋಚನೆ. ಬಾಡಿಗೆಯ ಜೊತೆಗೆ ವರ್ಷದ ಬಾಡಿಗೆಯ ಶೇ 5ರಷ್ಟು ವಸತಿ ಶುಲ್ಕವನ್ನು ಹನ್ನೆರಡು ಭಾಗ ಮಾಡಿ ಕರೆಂಟು-ನೀರಿನ ಬಿಲ್ಲಿಗೆ ಸೇರಿಸುತ್ತಾರೆ; ನಮಗದು ತಿಂಗಳಿಗೆ 271. ತೆರಿಗೆಯಿಲ್ಲ ಎಂದು ಊರಲ್ಲಿ ಎಲ್ಲರೂ ಹೇಳುವಾಗ ಇಂಥವು ಲೆಕ್ಕಕ್ಕೆ ಬರುವುದಿಲ್ಲ. 2018ರಿಂದ ಅಂಗಡಿ ಸಾಮಾನಿನ ಮೇಲೂ ಶೇ 5 ವ್ಯಾಟ್ ಇದೆ.

ಬಾಡಿಗೆ ಮತ್ತು ಆ ಶುಲ್ಕ ಸೇರಿ ತಿಂಗಳಿಗೆ 5,696 ಆಯಿತೇ? ಕರೆಂಟು-ನೀರಿಗೆ 400. ಪುಟ್ಟಿಯ ಶಾಲೆ ಮತ್ತು ಶಾಲೆಯ ಬಸ್ಸಿಗೆ 1,300. ಊಟದ ಸಾಮಾನಿಗೆ 2,000. ನನ್ನ ಮೆಟ್ರೋ ಪಾಸಿಗೆ 350. ಫೋನು, ಇಂಟರ್‌ನೆಟ್ಟಿಗೆ 480. ನನ್ನ ಆರೋಗ್ಯ ವಿಮೆ ಕಂಪನಿಯದು, ಆದರೆ ಹೆಂಡತಿ ಮಕ್ಕಳ ವಿಮೆಯನ್ನು ಅವರನ್ನು ಕರೆಸಿಕೊಂಡವನೇ ಮಾಡಿಸಬೇಕೆಂದು ಇಲ್ಲಿ ಕಾನೂನು, ಅದಕ್ಕೆ 350. ಎರಡು ವರ್ಷಕ್ಕೊಮ್ಮೆ ಅವರ ವೀಸಾ ಮತ್ತು ಗುರುತಿನ ಚೀಟಿಯ ನವೀಕರಣಕ್ಕೆಂದು ತಿಂಗಳಿಗೆ 200 ಎತ್ತಿಡುತ್ತೇನೆ. ಬಜಪೆಗೆ ಬಂದುಹೋಗಲು ಕಂಪನಿ ಕೊಡುವುದು ನನ್ನೊಬ್ಬನ ಟಿಕೆಟ್ಟು. ಉಳಿದ ಮೂರಕ್ಕೆ ತಿಂಗಳಿಗೆ 350ರಂತೆ ಕೂಡಿಡಬೇಕು, ಏಕೆಂದರೆ ಶಾಲೆಗೆ ರಜೆ ಸಿಗುವ ಜುಲೈ-ಆಗಸ್ಟಿನಲ್ಲೇ ಟಿಕೆಟ್ಟಿನ ದರವೂ ಏರಿ ಕೂತಿರುತ್ತದೆ. ಎಲ್ಲ ಸೇರಿ 11,126. ಉಳಿಯುವ 2,374ರಲ್ಲಿ ನಿಮಗೆ ಕಳಿಸುವ 35,000 ರೂಪಾಯಿಗೆ 1,522 ಹೋದರೆ 852 ಮಿಗುತ್ತದೆ. ಬಟ್ಟೆ, ಚಪ್ಪಲಿ, ಮಕ್ಕಳ ಜ್ವರ ಶೀತ ಎಲ್ಲವೂ ಅದರಲ್ಲೇ ಆಗಬೇಕು.

ಇದನ್ನೋದಿ ನಾವು ಹೊಟ್ಟೆ ಕಟ್ಟಿಕೊಂಡಿದ್ದೇವೆಂದು ಅಮ್ಮ ಅಳಬಾರದು. ಹಾಗೇನೂ ಇಲ್ಲ. ಕರಾಮಾದ ಅಂಗಡಿಗಳಲ್ಲಿ ಕುಚ್ಚಲಕ್ಕಿ, ಬಸಳೆ, ಮಂಗಳೂರು ಸೌತೆ ಎಲ್ಲವೂ ಸಿಗುತ್ತವೆ. ನಿಮ್ಮ ಸೊಸೆ ತೆಂಗಿನಕಾಯಿಯೊಂದನ್ನು ಎರಡು ದಿನ ಬರುವಂತೆ ತುರಿದಿಡುತ್ತಾಳೆ. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿ ಕಾದು ನಲ್ಲಿಯಲ್ಲಿ ಕೈಸುಡುವ ನೀರು ಬರುತ್ತದೆ. ಆಗ ನಾವು ಗೀಸರಿನ ಸ್ವಿಚ್ಚು ಆರಿಸಿ, ಒಳಗೆ ನಿಂತು ತಣಿದ ನೀರನ್ನೇ ತಣ್ಣೀರಾಗಿ ಬಳಸುತ್ತೇವೆ. ಊರಿನಲ್ಲಿ ಬಿಸಿನೀರಿಗೆ ಗೀಸರು, ಇಲ್ಲಿ ತಣ್ಣೀರಿಗೆ! ಇದನ್ನು ಅಮ್ಮನಿಗೆ ಹೇಳಿ, ಕರೆಂಟೂ ಉಳಿಯುತ್ತದೆಂದು ತಿಳಿದರೆ ಅವರಿಗೆ ಸಂತೋಷವಾದೀತು.

ಶಾರ್ಜಾಕ್ಕೆ ಹೋದರೆ ಬಾಡಿಗೆ ಕಡಿಮೆಯೆಂದು ಸಣ್ಣ ಮಾವ ನಿಮಗೆ ಹೇಳಿದ್ದು ನಿಜ. ಆದರೆ ಅಲ್ಲಿಗೆ ಮೆಟ್ರೋ ಇಲ್ಲ. ಕಾರು ಕೊಳ್ಳಬೇಕು, ಅದರ ಕಂತು, ಪೆಟ್ರೋಲು, ವಿಮೆ, ದಾರಿಯಲ್ಲಿ ಟೋಲ್ ತೆಗೆದುಕೊಳ್ಳುವ ಸಾಲಿಕ್ ಗೇಟು. 2025ರ ಜನವರಿ ಕೊನೆಯಿಂದ ಜನದಟ್ಟಣೆಯ ಹೊತ್ತಿನಲ್ಲಿ ಒಂದು ಗೇಟು ದಾಟಲು 6 ದಿರ್ಹಮ್. ಬಾಡಿಗೆಯಲ್ಲಿ ಉಳಿದದ್ದು ರಸ್ತೆಯಲ್ಲಿ ಹೋಗಿ, ಮಕ್ಕಳು ಮಲಗಿದ ಮೇಲೆ ಮನೆ ಸೇರುವಂತಾಗುತ್ತದೆ. ಆ ದಾರಿ ಬೇಡವೆಂದು ತೀರ್ಮಾನಿಸಿದ್ದೇವೆ.

ಇನ್ನು ನಿಮ್ಮ ಪತ್ರದ ಮುಖ್ಯ ಮಾತು: ಹೆಂಡತಿ ಮಕ್ಕಳನ್ನು ಊರಿಗೆ ಕಳಿಸು, ಮೊದಲಿನಂತೆ ಒಬ್ಬನೇ ಇರು ಎಂಬುದು. ನಾನು ಆ ಲೆಕ್ಕವನ್ನೂ ಮಾಡಿದೆ. ರೂಮಿನಲ್ಲಿ ಒಂದು ಬೆಡ್ ಹಿಡಿದು, ಮೆಸ್ಸಿನ ಊಟ ಮಾಡಿ, ಪಾಸು ಫೋನು ಎಲ್ಲ ಸೇರಿಸಿದರೂ ನನ್ನ ಖರ್ಚು 2,500 ದಾಟುವುದಿಲ್ಲ. ಉಳಿಯುವ 11,000ಕ್ಕೆ ಇಂದಿನ ದರದಲ್ಲಿ ಎರಡೂವರೆ ಲಕ್ಷ ರೂಪಾಯಿ. ಊರಿನಲ್ಲಿ ಮಕ್ಕಳ ಶಾಲೆ, ಮನೆಯ ಖರ್ಚು ಕಳೆದರೂ ತಿಂಗಳಿಗೆ ಎರಡು ಲಕ್ಷ ಕೈಯಲ್ಲಿ ನಿಲ್ಲುತ್ತದೆ. ಲೆಕ್ಕದಲ್ಲಿ ನೀವು ಹೇಳಿದ್ದೇ ಸರಿ, ನಾನು ವಾದ ಮಾಡುವುದಿಲ್ಲ.

ಆದರೆ ಅಪ್ಪಯ್ಯ, ನೀವು ಬೊಂಬಾಯಿಯ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತು ನಮ್ಮನ್ನು ಸಾಕಿದ ವರ್ಷಗಳಲ್ಲಿ, ಒಂದನೆಯ ತರಗತಿಯಿಂದ ಏಳನೆಯವರೆಗೆ ನನ್ನ ಪ್ರೋಗ್ರೆಸ್ ಕಾರ್ಡಿನ ಮೇಲೆ ಪೋಷಕರ ಸಹಿ ದೊಡ್ಡ ಮಾವನದು. ಆ ಕಾರ್ಡುಗಳು ಈಗಲೂ ಮಾಳಿಗೆಯ ಟ್ರಂಕಿನಲ್ಲಿವೆ, ಬೇಕಾದರೆ ನೋಡಿ. ನೀವು ದುಡಿದದ್ದು ನಮಗಾಗಿಯೇ ಎಂದು ನನಗೆ ಚೆನ್ನಾಗಿ ಗೊತ್ತು, ಆಕ್ಷೇಪಣೆಗಾಗಿ ಇದನ್ನು ಬರೆಯುತ್ತಿಲ್ಲ. ಕಳೆದ ತಿಂಗಳು ಪುಟ್ಟಿ ನಾಲ್ಕನೆಯ ತರಗತಿಯ ಕಾರ್ಡು ತಂದು ನನ್ನ ಕೈಗೆ ಪೆನ್ನು ಕೊಟ್ಟಾಗ ನಿಮ್ಮ ನೆನಪಾಗಿ ಸ್ವಲ್ಪ ಹೊತ್ತು ಸಹಿ ಹಾಕಲಾಗಲಿಲ್ಲ. ಆ ಎರಡು ಲಕ್ಷಕ್ಕೂ ಈಗ ಕಳಿಸಿ ಉಳಿಸುವುದಕ್ಕೂ ಇರುವ ಸುಮಾರು ಒಂದೂವರೆ ಲಕ್ಷದ ವ್ಯತ್ಯಾಸಕ್ಕೆ ನಾನು ಏನನ್ನು ಕೊಳ್ಳುತ್ತಿದ್ದೇನೆ ಎಂದರೆ ಇದನ್ನೇ. ದುಬಾರಿ ಎಂದು ತಿಳಿದೇ ಕೊಳ್ಳುತ್ತಿದ್ದೇನೆ.

ಕಂಪನಿಯಲ್ಲಿ ನನ್ನದೆಂದು ಜಮೆಯಾದ ಹಣವನ್ನು ತೆಗೆಯಬಹುದಲ್ಲ ಎಂದು ಕೇಳಿದ್ದೀರಿ. ನಮ್ಮೂರಿನ ಪಿಎಫ್ ಹಾಗೆ ನಡುವೆ ತೆಗೆಯುವ ಹಣ ಇಲ್ಲಿ ಇಲ್ಲ. ಗ್ರ್ಯಾಚುಯಿಟಿ ಇದೆ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲೆ ವರ್ಷಕ್ಕೆ 30 ದಿನದ ಮೂಲ ವೇತನ. ನನ್ನ ಮೂಲ ವೇತನ 7,500 ಮಾತ್ರ, ಉಳಿದದ್ದೆಲ್ಲ ಭತ್ಯೆ. ಎಂಟು ವರ್ಷಕ್ಕೆ 48,750 ದಿರ್ಹಮ್ ಆಗಿದೆ, ಅಂದರೆ ಹನ್ನೊಂದು ಲಕ್ಷ ರೂಪಾಯಿಗಿಂತ ಮೇಲೆ. ಆದರೆ ಅದು ಕೈಗೆ ಬರುವುದು ಕೆಲಸ ಬಿಟ್ಟ ದಿನ. ನೌಕರಿ ಹೋದರೆ ಎಂಬ ಹೆದರಿಕೆಯನ್ನೂ ನೀವು ಇಟ್ಟುಕೊಳ್ಳಬೇಡಿ. ತಿಂಗಳಿಗೆ 5 ದಿರ್ಹಮ್ ಕಟ್ಟುವ ಸರ್ಕಾರದ ವಿಮೆಯಿದೆ, ಮೂರು ತಿಂಗಳವರೆಗೆ ಮೂಲ ವೇತನದ ಶೇ 60 ಕೊಡುತ್ತಾರೆ.

ಈಗ ತಂಗಿಯ ಮದುವೆ. ನೀವು ಬರೆದ ಹನ್ನೆರಡು ಲಕ್ಷ ಹೆಚ್ಚೆಂದು ನನಗೆ ಅನಿಸುವುದಿಲ್ಲ. ಒಬ್ಬನೇ ಇದ್ದ ವರ್ಷಗಳಲ್ಲಿ ಊರಿನ ಬ್ಯಾಂಕಿನಲ್ಲಿ ಅನಿವಾಸಿಗಳ ಎನ್‌ಆರ್‌ಇ ಠೇವಣಿಯಲ್ಲಿ ಇಟ್ಟ ಏಳು ಲಕ್ಷ ಹಾಗೆಯೇ ಇದೆ. ಅದನ್ನು ನಾನು ಮುಟ್ಟಿಲ್ಲ, ಅದು ಅವಳದೇ. ಉಳಿದ ಐದು ಲಕ್ಷಕ್ಕೆ ದಾರಿ ತೋರಿಸಿದ್ದು ನಿಮ್ಮ ಸೊಸೆ. ಕುಂದಾಪುರದ ಬ್ಯಾಂಕ್ ಲಾಕರಿನಲ್ಲಿರುವ ಅವಳ ಹನ್ನೆರಡು ಪವನಿನ ಮೇಲೆ ಬಂಗಾರದ ಸಾಲ ತೆಗೆಯೋಣ, ತೋಟ ಮಾತ್ರ ಬೇಡ ಎಂದಳು. ನಾನು ಹೇಳಿಸಿದ ಮಾತಲ್ಲ ಇದು. ಡಿಸೆಂಬರ್ 2023ರಿಂದ ಇಲ್ಲಿ ಮನೆಪಾಠ ಹೇಳಲು ಸರ್ಕಾರವೇ ಶುಲ್ಕವಿಲ್ಲದೆ ಪರವಾನಗಿ ಕೊಡುತ್ತಿದೆ, ಬಿ.ಎಡ್. ಓದಿದ್ದ ಅವಳು ಅದನ್ನು ಪಡೆದು ಸಂಜೆ ನಾಲ್ಕು ಮಕ್ಕಳಿಗೆ ಗಣಿತ ಕಲಿಸುತ್ತಾಳೆ. ತಿಂಗಳಿಗೆ 1,200 ಬರುತ್ತದೆ. ಪುಟ್ಟಿಯ ತಮ್ಮ ಮಾಣಿಯನ್ನು ಮುಂದಿನ ಏಪ್ರಿಲ್‌ನಲ್ಲಿ ಕೆ.ಜಿ.ಗೆ ಸೇರಿಸಬೇಕಿತ್ತು, ಒಂದು ವರ್ಷ ಮನೆಯಲ್ಲೇ ಅಕ್ಷರ ಕಲಿಸುತ್ತೇನೆ, ಆ ಫೀಸು ಸಾಲಕ್ಕೆ ಹೋಗಲಿ ಎಂದಿದ್ದಾಳೆ. ಅವಳ 1,200, ಮಿಗುವ 852, ಎರಡೂ ಸೇರಿ ತಿಂಗಳಿಗೆ ಸುಮಾರು 47,000 ರೂಪಾಯಿ. ಎಲ್ಲವೂ ಸಾಲಕ್ಕೇ ಹೋಗಲಾರದು, ಆದರೂ ಒಂದೂವರೆ ವರ್ಷದೊಳಗೆ ಬಂಗಾರ ಬಿಡಿಸಿಕೊಳ್ಳುತ್ತೇವೆ. ತೋಟದ ಸಾಲವಾದರೆ ಒಂದು ಮಳೆಗಾಲದ ಕೊಳೆರೋಗಕ್ಕೆ ಅಡಿಕೆ ಉದುರಿತೆಂದರೆ ಕಂತು ನಿಂತುಹೋಗುತ್ತದೆ. ಅದು ನಿಮಗೇ ನನಗಿಂತ ಚೆನ್ನಾಗಿ ಗೊತ್ತು.

ಮದುಮಗಳ ಚಿನ್ನವನ್ನು ಇಲ್ಲಿಂದ ತರುವ ಯೋಚನೆ ಬೇಡ. ವರ್ಷಕ್ಕಿಂತ ಹೆಚ್ಚು ಹೊರಗಿದ್ದ ಹೆಂಗಸಿಗೆ 40 ಗ್ರಾಂ ಆಭರಣದವರೆಗೆ ಸುಂಕವಿಲ್ಲ ನಿಜ; ಆದರೆ 2024ರ ಜುಲೈಯಲ್ಲಿ ನಮ್ಮ ಸರ್ಕಾರ ಆಮದು ಸುಂಕವನ್ನು ಶೇ 15ರಿಂದ 6ಕ್ಕೆ ಇಳಿಸಿದ ಮೇಲೆ ಮೊದಲಿನಷ್ಟು ಅಂತರ ಉಳಿಯಲಿಲ್ಲ. ನಮ್ಮ ಪರಿಚಯದ ಅಂಗಡಿಯಲ್ಲೇ ಮಾಡಿಸಿ, ತಂಗಿ ತಾನೇ ನೋಡಿ ಆರಿಸಲಿ.

ನೀವು ಖರ್ಚು ಹಿಡಿಯಲೆಂದು ಬಿ.ಪಿ. ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದೀರೆಂದು ಅಕ್ಕ ಹೇಳಿದಳು. ಹಾಗೆ ಮಾಡಬೇಡಿ. ಆ 35,000 ಯಾವ ಕಾರಣಕ್ಕೂ ಕಡಿಮೆಯಾಗುವುದಿಲ್ಲ. ನಮಗೆ ಇಲ್ಲಿ ಏನೂ ತೊಂದರೆಯಿಲ್ಲ, ನಿಜವಾಗಿಯೂ ಇಲ್ಲ. ಎಲ್ಲರೂ ಆರೋಗ್ಯವಾಗಿದ್ದೇವೆ, ಚೆನ್ನಾಗಿ ಉಣ್ಣುತ್ತೇವೆ, ಚೆನ್ನಾಗಿ ನಿದ್ದೆ ಮಾಡುತ್ತೇವೆ. ನೀವು ಧೈರ್ಯವಾಗಿರಿ.

ಮೇಲಿನ ಫ್ಲ್ಯಾಟಿನವರು ರಾತ್ರಿಯ ಬಜಪೆ ವಿಮಾನಕ್ಕೆ ಹೊರಟು ಬಾಗಿಲಲ್ಲಿ ನಿಂತಿದ್ದಾರೆ, ಅವರ ಕೈಯಲ್ಲೇ ಇದನ್ನು ಕೊಡುತ್ತಿದ್ದೇನೆ. ಲಾಕರಿನ ಕೀಲಿ ಅಕ್ಕನ ಹತ್ತಿರವಿದೆ. ಸಾಲದ ಸಹಿಗೆ ನಿಮ್ಮ ಸೊಸೆ ಬರಲೇಬೇಕೋ ಎಂದು ಬ್ಯಾಂಕಿನಲ್ಲಿ ವಿಚಾರಿಸಿ ಫೋನ್ ಮಾಡಿ, ತಂಗಿ ಕಾಲೇಜಿಗೆ ಹೋದ ಹೊತ್ತಿನಲ್ಲಿ. ಅಮ್ಮನಿಗೆ ನಮಸ್ಕಾರ.

ಇತಿ ನಿಮ್ಮ ಆಶೀರ್ವಾದ ಬೇಡುವ
ಮಗ