ಮೊಳೆಯುವ ಹಲ್ಲು ಮೊದಲು ಯಾರಿಗೆ?

ಸಂಪಾದಕರಿಗೆ ನಮಸ್ಕಾರ.

ಬಿದ್ದ ಹಲ್ಲು ಇನ್ನು ತಾನೇ ಮೊಳೆಯುತ್ತೆ ಅನ್ನೋ ನಿಮ್ಮ ಪತ್ರಿಕೆಯ ಸುದ್ದಿ ಓದಿದೆ. ನಾನು ಹಲ್ಲಿನ ಸೆಟ್, ಕ್ಯಾಪ್ ಮಾಡುವ ಲ್ಯಾಬ್ ಟೆಕ್ನಿಷಿಯನ್. ‘ನಿನ್ನ ಹೊಟ್ಟೆಪಾಡಿಗೆ ಕುತ್ತು ಬಂತಲ್ಲಪ್ಪಾ’ ಅಂತ ಗೆಳೆಯರು ಕಾಲೆಳೆಯುತ್ತಿದ್ದಾರೆ. ಅದು ಇರಲಿ. ಸುದ್ದಿಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಯಾರಿಗೆ ಇದು ನಿಜವಾಗಿ ಬೇಕೋ ಅವರ ಮಾತೇ ಇಲ್ಲ.

ಜಪಾನಿನಲ್ಲಿ ಈಗ ಮನುಷ್ಯರ ಮೇಲೆ ಪ್ರಯೋಗ ನಡೆದಿರುವುದು ಒಂದು ಔಷಧಿಯದು. ಯುಎಸ್‌ಎಜಿ-1 ಎಂಬ ಪ್ರೋಟೀನ್ ಹಲ್ಲಿನ ಮೊಗ್ಗು ಬೆಳೆಯದಂತೆ ತಡೆಯುತ್ತದೆ. ಆ ಪ್ರೋಟೀನನ್ನು ಕಟ್ಟಿಹಾಕಿದರೆ ನಿಂತುಹೋದ ಮೊಗ್ಗು ಮತ್ತೆ ಬೆಳೆಯುತ್ತದೆ. ಇಲಿಗಳಲ್ಲಿ, ಫೆರೆಟ್‌ಗಳಲ್ಲಿ (ಮುಂಗುಸಿಯಂಥ ಪ್ರಾಣಿ) ಹೀಗೆ ಹಲ್ಲು ಬಂದದ್ದನ್ನು ಅಲ್ಲಿನ ಸಂಶೋಧಕ ಕತ್ಸು ತಕಹಾಶಿ ಮತ್ತು ಜೊತೆಗಾರರು 2021ರಲ್ಲಿ ಪ್ರಕಟಿಸಿದರು. 2024ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 30 ಗಂಡಸರ ಮೇಲೆ ಶುರುವಾದ ಪ್ರಯೋಗ, ಔಷಧಿಯಿಂದ ಅಪಾಯ ಇದೆಯೋ ಇಲ್ಲವೋ ಅಂತ ನೋಡುವುದಕ್ಕೆ. ನಿಮ್ಮ ಶೀರ್ಷಿಕೆ ನೋಡಿದರೆ ಮುಂದಿನ ತಿಂಗಳು ಅಂಗಡಿಗೇ ಬರುವ ಹಾಗಿದೆ!

ಜೀವಕೋಶಗಳಿಂದ ಹಲ್ಲು ಕಟ್ಟುವುದು ಇನ್ನೊಂದು ದಾರಿ. ಅದಕ್ಕೆ ಎರಡು ಬಗೆಯ ಕೋಶ ಬೇಕು, ಹಲ್ಲಿನ ಮೇಲಿನ ಗಟ್ಟಿ ಹೊದಿಕೆ ಅಂದರೆ ಎನಾಮಲ್ ಮಾಡುವಂಥದ್ದು ಒಂದು, ಒಳಗಿನ ದಂತದ್ರವ್ಯ ಮಾಡುವಂಥದ್ದು ಇನ್ನೊಂದು. ಎನಾಮಲ್ ಮಾಡುವ ಕೋಶಗಳು ಹಲ್ಲು ಹೊರಗೆ ಬರುವ ಹೊತ್ತಿಗೇ ಸತ್ತುಹೋಗಿರುತ್ತವೆ. ದೊಡ್ಡವರಲ್ಲಿ ಅವನ್ನು ಎಲ್ಲಿಂದ ತರುವುದು? ಜಪಾನಿನದೇ ಸಂಶೋಧಕ ತಕಾಶಿ ತ್ಸುಜಿ ಅವರ ತಂಡ 2009ರಲ್ಲಿ ಇಲಿಯ ದವಡೆಯಲ್ಲಿ ಕಚ್ಚಬಲ್ಲ, ನೋವು ಗೊತ್ತಾಗುವ ಹಲ್ಲನ್ನೇ ಬೆಳೆಸಿತು. ಕೋಶಗಳನ್ನು ತೆಗೆದದ್ದು ಮಾತ್ರ ಇಲಿಯ ಭ್ರೂಣದಿಂದ.

ಇನ್ನು ಆಕಾರದ ವಿಷಯ. ನನ್ನಂಥವರಿಗೆ ಕಾಣುವ ತೊಡಕು ಇದೇ. ಕ್ಯಾಪ್ ಕೂರಿಸಿದ ಮೇಲೆ ಡಾಕ್ಟರು ನೀಲಿ ಕಾಗದ ಕಚ್ಚಿಸುತ್ತಾರೆ. ಗಾಢವಾದ ಚುಕ್ಕೆ ಬಿದ್ದ ಕಡೆ ಎತ್ತರ ಜಾಸ್ತಿ ಅಂತ ಲೆಕ್ಕ. ಕೂದಲೆಳೆಯಷ್ಟು ಎತ್ತರವಿದ್ದರೂ ರೋಗಿಗೆ ಊಟದಲ್ಲಿ ಕಲ್ಲು ಸಿಕ್ಕಿದ ಹಾಗೆ. ಹಾಗಾಗಿ ತಿಕ್ಕಬೇಕು, ಮತ್ತೆ ಕಚ್ಚಿಸಬೇಕು, ಮತ್ತೆ ತಿಕ್ಕಬೇಕು. ತಾನಾಗಿ ಬೆಳೆಯುವ ಹಲ್ಲು ಎದುರಿನ ಹಲ್ಲಿಗೆ ಸರಿಯಾಗಿ ಕೂರಬೇಕು, ಮುಂದಿನ ಹಲ್ಲಿನ ಜಾಗದಲ್ಲಿ ದವಡೆ ಹಲ್ಲು ಬರಬಾರದು. ಸುಲಭವಲ್ಲ, ಅಲ್ವಾ? ಹಾಗಂತ ಆಗೋದೇ ಇಲ್ಲ ಅಂತ ನಾನು ಹೇಳುತ್ತಿಲ್ಲ.

ಈಗ ನೀವು ಬಿಟ್ಟವರ ವಿಷಯ. ಹುಟ್ಟಿನಿಂದಲೇ ಆರು ಅಥವಾ ಅದಕ್ಕಿಂತ ಜಾಸ್ತಿ ಹಲ್ಲುಗಳು ಇಲ್ಲದ ಮಕ್ಕಳಿರುತ್ತಾರೆ. ಜಪಾನಿನ ಸಂಶೋಧಕರು ಈ ಔಷಧಿಯನ್ನು ಮೊದಲು ಕೊಡಬೇಕೆಂದಿರುವುದು ಹಲ್ಲಿನ ಇಂಥ ಕೊರತೆ ಇರುವವರಿಗೆ. 2030ರ ಹೊತ್ತಿಗೆ ತಲುಪಿಸುವುದು ಅವರ ಗುರಿ. ದವಡೆ ಬೆಳೆಯುತ್ತಿರುವಾಗ ಈ ಮಕ್ಕಳಿಗೆ ಸಾಮಾನ್ಯವಾಗಿ ಇಂಪ್ಲಾಂಟ್ (ದವಡೆ ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಹಾಕುವುದಿಲ್ಲ. ಅದು ಮೂಳೆಗೆ ಅಂಟಿಕೊಂಡು ಅಲ್ಲೇ ನಿಲ್ಲುತ್ತದೆ, ಪಕ್ಕದ ಹಲ್ಲುಗಳು ಮಾತ್ರ ದವಡೆ ಜೊತೆ ಮೇಲೇಳುತ್ತವೆ. ಹಾಗಾಗಿ ಪುಟ್ಟ ಸೆಟ್ ಮಾಡಿಕೊಡುತ್ತೇವೆ. ಮಗು ಬೆಳೆದಂತೆ ಅದು ಬಿಗಿಯಾಗುತ್ತೆ, ಮತ್ತೆ ಅಳತೆ, ಮತ್ತೆ ಹೊಸದು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಸೆಟ್ ಪಾಲಿಶ್ ಮಾಡುವಾಗ ನನಗೇ ಬೇಜಾರಾಗುತ್ತೆ. ಆ ಕೆಲಸ ತಪ್ಪಿಹೋದರೆ ನನಗಿಂತ ಖುಷಿ ಪಡುವವರು ಯಾರೂ ಇರಲಿಕ್ಕಿಲ್ಲ.

ವಯಸ್ಸಾದವರಿಗೂ ಒಂದು ಮಾತು. ಹೇಗೂ ಹೊಸ ಹಲ್ಲು ಬರುತ್ತೆ ಅಂತ ಸುಮ್ನೆ ಕಾಯಬೇಡಿ. ಹಲ್ಲು ಹೋದ ಜಾಗದ ಮೂಳೆ ವರ್ಷ ಕಳೆದಂತೆ ಕರಗುತ್ತದೆ. ನಮ್ಮ ಮೇಜಿಗೆ ಬರುವ ಪ್ಲಾಸ್ಟರ್ ಅಚ್ಚುಗಳಲ್ಲಿ ಅದು ಎದ್ದು ಕಾಣುತ್ತದೆ. ಕೆಲವು ಅಚ್ಚುಗಳಲ್ಲಿ ಸೆಟ್ ಕೂರುವ ಒಸಡಿನ ದಿಣ್ಣೆಯೇ ಉಳಿದಿರುವುದಿಲ್ಲ, ಸೆಟ್ಟಿಗೆ ಹಿಡಿತವೇ ಸಿಗುವುದಿಲ್ಲ.

ಈ ಸುದ್ದಿಯನ್ನು ಮತ್ತೆ ಬರೆಯುವಾಗ ಪ್ರಯೋಗ ಯಾವ ಹಂತದಲ್ಲಿದೆ, ಔಷಧಿ ಮೊದಲು ಯಾರಿಗೆ ಅನ್ನುವುದನ್ನು ಮೊದಲ ಪ್ಯಾರಾದಲ್ಲೇ ಹಾಕಿ.

ಇಂತಿ,
ನಿಮ್ಮ ಓದುಗ,
ಒಬ್ಬ ಹಲ್ಲಿನ ಲ್ಯಾಬ್ ಟೆಕ್ನಿಷಿಯನ್