ಮನಸ್ಸು ಹೇಗಿದೆ ಎಂದು ಕೇಳಿದವರಿಗೆ

ಹೆರಾಯಿನ್, ಇಲ್ಲವೇ ಟ್ರಮಡಾಲ್, ಟಪೆಂಟಡಾಲ್ ಎಂಬ ನೋವಿನ ಮಾತ್ರೆಗಳ ಚಟದಿಂದ ಹೊರಬರುತ್ತಿರುವವರ ಮನೆಯವರು ಮಡಿಕೇರಿಯಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಚಿಕ್ಕ ಕೂಟಕ್ಕೆ ಒಂದು ವರ್ಷ ತುಂಬಿತು. ಜೊತೆ ನಿಂತವರಿಗೆಲ್ಲ ಕೈಮುಗಿಯುತ್ತೇವೆ. ಯಾರು ಏನು ಮಾಡಿದ್ದರಿಂದ ಉಪಯೋಗವಾಯಿತು ಎಂಬುದನ್ನೂ ಬಿಡಿಸಿ ಬರೆಯುತ್ತಿದ್ದೇವೆ. ಸೋಮವಾರಪೇಟೆಯಲ್ಲೋ ವಿರಾಜಪೇಟೆಯಲ್ಲೋ ಹೊಸದಾಗಿ ಚಿಕಿತ್ಸೆ ಶುರುಮಾಡಿದ ಮನೆಗೆ ಇದು ಬೇಕಾದೀತು.

ಮೊದಲ ನಮಸ್ಕಾರ ನರ್ಸ್ ಅಕ್ಕಂದಿರಿಗೆ. ಈ ಚಟದ ಚಿಕಿತ್ಸೆಗೆ ಕೊಡುವ ಬುಪ್ರೆನಾರ್ಫಿನ್ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟು ಪೂರ್ತಿ ಕರಗುವವರೆಗೆ, ಅಂದರೆ ಐದರಿಂದ ಹತ್ತು ನಿಮಿಷ, ನೀವು ಎದುರಿಗೇ ಕೂತಿರಿ. ನುಂಗಿಬಿಟ್ಟರೆ ಮದ್ದಿನ ಬಹುಪಾಲು ಯಕೃತ್ತಿನಲ್ಲೇ ಕಳೆದುಹೋಗುತ್ತದೆ, ಸಂಜೆಗೆ ಮೈಕೈ ನೋವು ಶುರುವಾಗುತ್ತದೆ. ಬಾಯಿ ಒಣಗಿದ್ದರೆ ಮೊದಲು ಒಂದು ಗುಟುಕು ನೀರು, ಕರಗುವಾಗ ಕಾಫಿಯೂ ಇಲ್ಲ, ಎಲೆಅಡಿಕೆಯೂ ಇಲ್ಲ ಎಂದು ಕಲಿಸಿದವರು ನೀವೇ. ಕರಗಿದ ಮೇಲೆ ಬಾಯಿತುಂಬ ನೀರು ತೆಗೆದುಕೊಂಡು ಹಲ್ಲು ವಸಡಿನ ಸುತ್ತ ಆಡಿಸಿ ನುಂಗಬೇಕು, ಹಲ್ಲುಜ್ಜಲು ಒಂದು ಗಂಟೆ ಕಾಯಬೇಕು. ಈ ಮಾತ್ರೆಯಿಂದ ಹಲ್ಲು ಹುಳುಕಾಗುವ ಅಪಾಯವಿದೆ ಎಂದು 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಕೊಟ್ಟಿದೆ.

ಮೊದಲ ದಿನ ಅವಸರಪಡದ ವೈದ್ಯರಿಗೂ ಋಣಿ. ಹೆರಾಯಿನ್‌ನಂಥದ್ದನ್ನು ಕೊನೆಯ ಬಾರಿ ತೆಗೆದುಕೊಂಡು ಕನಿಷ್ಠ 12 ಗಂಟೆಯಾದರೂ ಆಗಿರಬೇಕು, ಮೈಯಲ್ಲಿ ಹೆಚ್ಚು ಹೊತ್ತು ಉಳಿಯುವ ಮೆಥಡೋನ್ ಆಗಿದ್ದರೆ ಇನ್ನೂ ಹೆಚ್ಚು. ಗಡಿಯಾರ ನೋಡಿದರಷ್ಟೇ ಸಾಲದು, ಆಕಳಿಕೆ, ಮೂಗು ಸೋರುವುದು, ರೋಮಾಂಚನ, ಹಿಗ್ಗಿದ ಕಣ್ಣಪಾಪೆ ಕಾಣಿಸಬೇಕು. ಮುಂಚೆಯೇ ಕೊಟ್ಟರೆ ಬುಪ್ರೆನಾರ್ಫಿನ್ ಮೆದುಳಿನಲ್ಲಿ ಕೂತಿರುವ ಹೆರಾಯಿನ್ ಅನ್ನು ಒಮ್ಮೆಲೇ ಎಬ್ಬಿಸಿ ತಾನು ಕೂರುತ್ತದೆ. ಆದರೆ ಅದರ ಕೆಲಸ ಹೆರಾಯಿನ್‌ನಷ್ಟು ಪೂರ್ತಿ ಅಲ್ಲ, ಹಾಗಾಗಿ ವಾಂತಿ, ಭೇದಿ, ನಡುಕ ಒಟ್ಟಿಗೇ ಮೇಲೆ ಬೀಳುತ್ತವೆ. 'ಈ ಮದ್ದು ನನಗೆ ಒಗ್ಗುವುದಿಲ್ಲ' ಎಂದು ಚಿಕಿತ್ಸೆಯನ್ನೇ ಬಿಟ್ಟುಹೋಗುವವರಲ್ಲಿ ಇಂಥ ಅನುಭವ ಆದವರಿದ್ದಾರೆ. 2 ಅಥವಾ 4 ಮಿಲಿಗ್ರಾಂನಿಂದ ಶುರುಮಾಡಿ, ಒಂದೆರಡು ಗಂಟೆ ನೋಡಿ ಮುಂದಿನದನ್ನು ಕೊಡುವುದು ಇದಕ್ಕೇ.

ನಮ್ಮ ಮನಸ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಉಳಿದದ್ದು ನಾಲ್ಕು ಗೀಟಿನ ಒಂದು ನೋಟ್‌ಬುಕ್. 'ಮಾತ್ರೆ ತಗೊಂಡೆಯಾ?' ಎಂದು ಮನೆಯವರೆಲ್ಲ ಕೇಳುತ್ತಾರೆ. 'ಮನಸ್ಸು ಹೇಗಿದೆ?' ಎಂದು ಕೇಳಿ ಬರೆಸಿಕೊಂಡವರು ಕೆಲವರೇ. ಮಾತ್ರೆ ಇಟ್ಟ ಹೊತ್ತು, ನಿದ್ದೆಯ ಗಂಟೆ, ಬೆಳಿಗ್ಗೆ ಮತ್ತು ಸಂಜೆ ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ, ಮಲವಿಸರ್ಜನೆ ಆಯಿತೋ ಇಲ್ಲವೋ, ಇಷ್ಟೇ. ಎರಡು ವಾರದ ಪುಟ ಎದುರಿಗಿಟ್ಟರೆ ಬೇಸರ ಯಾವ ಬಗೆಯದು ಎಂದು ವೈದ್ಯರು ಗುರುತಿಸಬಲ್ಲರು. ದಿನಾ ಮಾತ್ರೆಯ ಹೊತ್ತು ಹತ್ತಿರ ಬಂದಾಗಲೇ ಅಂಕ ಇಳಿದು, ಸಿಡುಕು, ಆಕಳಿಕೆ ಜೊತೆಗಿದ್ದರೆ ಪ್ರಮಾಣ ಸಾಲುತ್ತಿಲ್ಲ. ಮಾತ್ರೆಯ ನಂತರ ತೂಕಡಿಕೆ, ಕುಗ್ಗಿದ ಕಣ್ಣಪಾಪೆ ಇದ್ದರೆ ಪ್ರಮಾಣ ಹೆಚ್ಚಾಗಿದೆ, ಇಲ್ಲವೇ ಜೊತೆಗೆ ಬೇರೇನೋ ಸೇರಿದೆ. ನೋವಿಲ್ಲ, ಆಸೆಯೂ ಇಲ್ಲ, ಊಟ ಹಾಡು ಆಟ ಎಲ್ಲವೂ ಸಪ್ಪೆ ಎನ್ನಿಸಿದರೆ ಅದು ಮೆದುಳಿನ ಸ್ವಂತ ಖುಷಿಯ ವ್ಯವಸ್ಥೆ ಇನ್ನೂ ಚೇತರಿಸಿಕೊಳ್ಳುತ್ತಿರುವ ಲಕ್ಷಣ, ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಎರಡು ವಾರ ದಾಟಿದರೂ ದಿನವಿಡೀ ಕವಿದ ದುಃಖ, ಸಾಯುವ ಯೋಚನೆ ಇದ್ದರೆ ಅದು ಖಿನ್ನತೆಯೇ ಇರಬಹುದು, ಅದಕ್ಕೆ ಬೇರೆ ಚಿಕಿತ್ಸೆ ಇದೆ. ಸಾಯುವ ಯೋಚನೆ ಬಂದ ದಿನ ಮಾತ್ರ ಪುಟ ತುಂಬಲಿ ಎಂದು ಕಾಯಬಾರದು. ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

'ಮಾತ್ರೆಯಿಂದಲೇ ಮಂಕಾಗಿದ್ದಾನೆ, ನಿಲ್ಲಿಸಿಬಿಡೋಣ' ಎಂಬ ಮಾತು ಎಲ್ಲ ಮನೆಯಲ್ಲೂ ಬರುತ್ತದೆ. ಪ್ರೀತಿಯಿಂದಲೇ ಬರುತ್ತದೆ. ಆದರೂ ಇದರಷ್ಟು ಅಪಾಯದ ಮಾತು ಇನ್ನೊಂದಿಲ್ಲ. ಮದ್ದು ನಿಂತ ಮೇಲೆ ಮೈ ಹಳೆಯ ಪ್ರಮಾಣವನ್ನು ತಡೆದುಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ, ಆಗ ಹೆರಾಯಿನ್‌ನಂಥದ್ದನ್ನು ಹಿಂದಿನಷ್ಟೇ ತೆಗೆದುಕೊಂಡರೂ ಉಸಿರು ನಿಲ್ಲಬಹುದು. ಹೆರಾಯಿನ್‌ನಂಥದ್ದರ ಪರಿಣಾಮವನ್ನೇ ತಡೆಯುವ ನಾಲ್ಟ್ರೆಕ್ಸೋನ್ ಮಾತ್ರೆ ಬಿಟ್ಟವರಿಗೂ ಇದೇ ಅಪಾಯ. ಆ ಮಾತು ಬಂದಾಗ ಜಗಳವಾಡದೆ ನೋಟ್‌ಬುಕ್ ಹಿಡಿದು ಆಸ್ಪತ್ರೆಗೆ ಹೊರಟ ತಾಯಂದಿರಿಗೆ ವಿಶೇಷ ವಂದನೆ.

ಔಷಧದಂಗಡಿಯ ಅಣ್ಣಂದಿರೇ, ಚೀಟಿಯಿಲ್ಲದೆ ಆಲ್ಪ್ರಜೋಲಮ್ ಕೊಡಲಿಲ್ಲವೆಂದು ಆ ದಿನ ಮುನಿಸಿಕೊಂಡಿದ್ದವರ ಪರವಾಗಿಯೂ ಇಂದು ಧನ್ಯವಾದ. ಇಂಥ ನಿದ್ದೆ ಮಾತ್ರೆ ಬುಪ್ರೆನಾರ್ಫಿನ್ ಜೊತೆ ಸೇರಿದರೆ ನಿದ್ದೆಯಲ್ಲೇ ಉಸಿರು ನಿಧಾನವಾಗುತ್ತದೆ. ಮಳೆಗಾಲದ ನೆಗಡಿಗೆ ಕೊಡುವ, ತೂಕಡಿಕೆ ತರುವ ಮಾತ್ರೆಯ ಬಗ್ಗೆಯೂ ನೀವು ಕೇಳಿ ಕೊಟ್ಟಿರಿ.

ಅಡುಗೆಮನೆಯವರನ್ನು ಹೇಗೆ ಮರೆಯುವುದು? ಮಲಬದ್ಧತೆ ಬುಪ್ರೆನಾರ್ಫಿನ್‌ನ ಬೆನ್ನು ಬಿಡದ ತೊಂದರೆ, ಅದರ ಕಿರಿಕಿರಿ ಮನಸ್ಸನ್ನೂ ಕೆಡಿಸುತ್ತದೆ. ಜಡಿಮಳೆಯ ಚಳಿಯಲ್ಲಿ ಬಾಯಾರಿಕೆಯೇ ಆಗದ್ದರಿಂದ ಇನ್ನೂ ಹೆಚ್ಚು. ಕಡುಬಿನ ಜೊತೆ ಕಣಿಲೆ, ಕೆಸುವಿನ ಸೊಪ್ಪು ಹೆಚ್ಚು ಬಡಿಸಿ, ಗಂಟೆಗೊಮ್ಮೆ ಬಿಸಿನೀರು ಕೈಗೆ ಕೊಟ್ಟಿರಿ. ಇಷ್ಟರಿಂದ ಆಗದಿದ್ದರೆ ವೈದ್ಯರು ಬರೆದ ವಿರೇಚಕ ಬೇಕೇ ಬೇಕು; ನೀರು ಕುಡಿಯದೆ ಬರೀ ಇಸಬಗೋಲ್ ತಿಂದರೆ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಕೊಡಗಿನ ಕಕ್ಕಡ ತಿಂಗಳ ಹದಿನೆಂಟರಂದು ಮಾಡುವ ಮದ್ದು ಸೊಪ್ಪಿನ ಪಾಯಸ ತಿಂದ ಮಾರನೆಯ ದಿನ ಮೂತ್ರ ಕೆಂಪಾಗಿದ್ದಕ್ಕೆ ಮಾತ್ರೆಯನ್ನು ದೂರಬೇಡಿ, ಅದು ಸೊಪ್ಪಿನ ಬಣ್ಣ. ಕಣ್ಣು ಹಳದಿಯಾಗಿ, ಮೂತ್ರ ಕಪ್ಪುಚಹಾದಂತಾದರೆ ಮಾತ್ರ ಅದೇ ದಿನ ಯಕೃತ್ತಿನ ಪರೀಕ್ಷೆಗೆ ಹೋಗಿ. ರಾತ್ರಿ ಬೆವರಿ ಸ್ವೆಟರ್ ಒದ್ದೆಯಾಗುವುದು ಮಾಮೂಲಿ, ಒಣಗಿದ ಬನಿಯನ್ ತಲೆದಿಂಬಿನ ಬಳಿ ಇಡಿ.

ಚಿಕಿತ್ಸೆಯ ದಿನ ಸಂಬಳ ಹಿಡಿಯದೆ ರಜೆ ಕೊಟ್ಟ ತೋಟದ ಮಾಲೀಕರಿಗೆ, ಲೈನ್ ಮನೆಯಲ್ಲಿ ಮಾತ್ರೆಯ ಪೆಟ್ಟಿಗೆಗೆ ಬೀಗ ಹಾಕಿಟ್ಟವರಿಗೆ ನಮಸ್ಕಾರ. ಮಗುವಿನ ಬಾಯಿಗೆ ಒಂದು ಮಾತ್ರೆ ಹೋದರೂ ಉಸಿರಿಗೆ ಸಂಚಕಾರ.

ಇನ್ನು ನಮ್ಮ ಸುಗ್ಗಿ ಹಬ್ಬ ಹುತ್ತರಿ ಬರುತ್ತದೆ. ಕದಿರು ತೆಗೆದು, ಪೊಲಿ ಪೊಲಿ ದೇವಾ ಎಂದು ಕೂಗಿ ಕುಟುಂಬದ ಮೂಲಮನೆಯಾದ ಐನ್‌ಮನೆಗೆ ಬಂದ ಮೇಲೆ ಎಲ್ಲರ ಕೈಗೂ ಗ್ಲಾಸು ಬರುತ್ತದೆ. ಕಳೆದ ಸಲ ಕೆಲವು ಮನೆಗಳಲ್ಲಿ ಹಿರಿಯರೇ ಎದ್ದು ನಿಂಬೆಹಣ್ಣಿನ ಶರಬತ್ತು ತಂದು, ಏಕೆ ಎಂದು ಯಾರೂ ಕೇಳದ ಹಾಗೆ ಕೈಗಿಟ್ಟರು. ಆ ಹಿರಿಯರಿಗೆ ಕಾಲುಮುಟ್ಟಿ ನಮಸ್ಕಾರ. ಈ ಸಲವೂ ಆ ಲೋಟ ಇರಲಿ.