ಆ ಹಳೇ ಹೈವೇ ತುಂಡನ್ನು ನಮ್ಮ ಮಕ್ಕಳಿಗೆ ಬಿಟ್ಟುಕೊಡಿ

ಮಾನ್ಯ ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರ ಸರ್. ನಾನು ಕುಮಟಾ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಮಕ್ಕಳ ಬಾಯಲ್ಲಿ ಪಿಟಿ ಸರ್. ಈ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ ಆಯ್ತು. ಒಂದು ರಸ್ತೆಯ ವಿಷಯ ನಿಮ್ಮ ಹತ್ತಿರ ಹೇಳಬೇಕಿದೆ. ಅದಕ್ಕೂ ಮೊದಲು ನಾರ್ವೆ ದೇಶದ ಒಬ್ಬ ಆಟಗಾರನ ಕಥೆ ಬರುತ್ತದೆ. ದಯವಿಟ್ಟು ಬೇಸರ ಮಾಡ್ಕೊಳ್ಳದೆ ಓದಿ, ಎರಡಕ್ಕೂ ಸಂಬಂಧ ಇದೆ.

ಅವರ ಹೆಸರು ಬ್ಯೋರ್ನ್ ಡೇಲಿ. ಕ್ರಾಸ್ ಕಂಟ್ರಿ ಸ್ಕೀಯಿಂಗ್ ಅವರ ಆಟ. ಟಿವಿಯಲ್ಲಿ ಹಿಮದ ಬೆಟ್ಟದ ತುದಿಯಿಂದ ಜರ್ರನೆ ಜಾರಿ ಬರುತ್ತಾರಲ್ಲ, ಅದು ಬೇರೆ. ಇದರಲ್ಲಿ ಹಿಮದ ಮೇಲೆ ಏರು, ಇಳುಕಲು, ಬಯಲು ಎಲ್ಲವನ್ನೂ ಸ್ವಂತ ಕಸುವಿನಿಂದಲೇ ದಾಟಬೇಕು. 10 ಕಿ.ಮೀ., 30 ಕಿ.ಮೀ., 50 ಕಿ.ಮೀ. ಕಾಲಿಗೆ ಉದ್ದನೆಯ ಹಲಗೆ, ಕೈಯಲ್ಲಿ ಎರಡು ಕೋಲು. ನಮ್ಮ ಕರಾವಳಿಯವರಿಗೆ ಅರ್ಥ ಆಗುವ ಹಾಗೆ ಹೇಳಬೇಕೆಂದರೆ, ಓಡುತ್ತಾ ಓಡುತ್ತಾ ದೋಣಿಗೆ ಹುಟ್ಟು ಹಾಕಿದ ಹಾಗೆ. ಮೈಯಲ್ಲಿ ಒಂದು ಸ್ನಾಯುವಿಗೂ ರಜೆ ಇಲ್ಲ.

1992, 1994, 1998ರ ಮೂರು ಒಲಿಂಪಿಕ್ಸ್‌ಗಳಲ್ಲಿ ಡೇಲಿ ಗೆದ್ದಿದ್ದು 8 ಚಿನ್ನ, 4 ಬೆಳ್ಳಿ. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 8 ಚಿನ್ನ ಮುಟ್ಟಿದ ಮೊದಲಿಗರು ಅವರೇ. ಸೋಲೂ ಕಂಡಿದ್ದಾರೆ. 1994ರಲ್ಲಿ ಸ್ವಂತ ದೇಶದಲ್ಲಿ, ತಮ್ಮದೇ ಜನರ ಮುಂದೆ ನಡೆದ ರಿಲೇಯಲ್ಲಿ ನಾರ್ವೆ ಇಟಲಿಗೆ ಸೋತಿದ್ದು ಬರೀ 0.4 ಸೆಕೆಂಡಿನಲ್ಲಿ. ಕೊನೆಯ ಸುತ್ತು ಓಡಿದವರು ಡೇಲಿ.

ಆದರೆ ನಾನು ಮಕ್ಕಳಿಗೆ ಪ್ರತಿ ವರ್ಷ ಹೇಳುವುದು 1998ರ ಜಪಾನಿನ ನಗಾನೋ ಕಥೆ. 10 ಕಿ.ಮೀ. ಸ್ಪರ್ಧೆ. ಡೇಲಿ 27 ನಿಮಿಷ ಚಿಲ್ಲರೆಯಲ್ಲಿ ಮುಗಿಸಿ ಚಿನ್ನ ಗೆದ್ದರು. ಅದೇ ಸ್ಪರ್ಧೆಯಲ್ಲಿ ಕೀನ್ಯಾದ ಫಿಲಿಪ್ ಬೋಯಿಟ್ ಅನ್ನುವವರಿದ್ದರು. ಮೂಲತಃ ಓಟಗಾರ. ಸ್ಕೀ ಕಟ್ಟಿಕೊಂಡು ಕಲಿಯಲು ಶುರು ಮಾಡಿದ್ದೇ 1996ರಲ್ಲಿ. ಅವರು ಗುರಿ ಮುಟ್ಟುವಾಗ 47 ನಿಮಿಷ ದಾಟಿತ್ತು. 92ನೇ ಸ್ಥಾನ, ಎಲ್ಲರಿಗಿಂತ ಕೊನೆ. ಅಲ್ಲಿಯವರೆಗೂ ಡೇಲಿ ಗೆರೆಯ ಹತ್ತಿರವೇ ನಿಂತು ಕಾದರು. ಪದಕ ಕೊಡುವ ಕಾರ್ಯಕ್ರಮವೂ ತಡವಾಯ್ತು. ಬೋಯಿಟ್ ಬಂದ ಕೂಡಲೇ ಹೋಗಿ ತಬ್ಬಿಕೊಂಡರು. ಮುಂದೆ ಬೋಯಿಟ್ ತಮ್ಮ ಮಗನಿಗೆ ಡೇಲಿ ಅಂತಲೇ ಹೆಸರಿಟ್ಟರು. ಇನ್ನೂ ಎರಡು ಒಲಿಂಪಿಕ್ಸ್‌ಗೆ ಹೋದರು. ಈ ಕಥೆ ಹೇಳುವಾಗ ಕ್ಲಾಸಿನಲ್ಲಿ ಒಂದು ಸದ್ದೂ ಇರುವುದಿಲ್ಲ ಸರ್.

ಇನ್ನು ರಸ್ತೆಯ ವಿಷಯಕ್ಕೆ ಬರ್ತೇನೆ. ನಾರ್ವೆಯಲ್ಲೂ ಬೇಸಿಗೆಯಲ್ಲಿ ಎಲ್ಲ ಕಡೆ ಹಿಮ ಇರುವುದಿಲ್ಲ. ಆಗ ಅಲ್ಲಿನ ಆಟಗಾರರು ಅಭ್ಯಾಸ ಮಾಡುವುದು ಡಾಂಬರು ರಸ್ತೆಯ ಮೇಲೆ. ರೋಲರ್ ಸ್ಕೀ ಅಂತ ಕರೆಯುತ್ತಾರೆ. ಮೊಣಕಾಲುದ್ದಕ್ಕಿಂತ ಸ್ವಲ್ಪ ಜಾಸ್ತಿ ಇರುವ ಪಟ್ಟಿ, ಹಿಂದೊಂದು ಮುಂದೊಂದು ಚಕ್ರ. ಶೂ ಮುಂಭಾಗ ಮಾತ್ರ ಸಿಕ್ಕಿಸಿರುತ್ತದೆ, ಹಿಮ್ಮಡಿ ಬಿಡುವಾಗಿರುತ್ತದೆ. ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲ. ಕೋಲಿನ ತುದಿಗೆ ಗಟ್ಟಿ ಲೋಹದ ಮೊನೆ. ಹಿಮದ ಮೇಲೆ ಗೆಲ್ಲುವ ಪದಕಕ್ಕೆ ತಯಾರಿ ನಡೆಯುವುದು ಹೀಗೆ, ಟಾರು ರೋಡಿನಲ್ಲಿ.

ಡೇಲಿಯವರ ಆಟ ಮುಗಿದಿದ್ದೂ ಅಲ್ಲೇ. 1999ರ ಆಗಸ್ಟ್‌ನಲ್ಲಿ ರೋಲರ್ ಸ್ಕೀ ಮೇಲೆ ಅಭ್ಯಾಸ ಮಾಡುವಾಗ ಬಿದ್ದರು. ಬೆನ್ನಿಗೆ ಪೆಟ್ಟಾಯ್ತು. ಆಗ ಅವರಿಗೆ 32 ವರ್ಷ. ಎಷ್ಟು ಪ್ರಯತ್ನ ಪಟ್ಟರೂ ಬೆನ್ನು ಸರಿ ಹೋಗಲಿಲ್ಲ. 2001ರಲ್ಲಿ ನಿವೃತ್ತಿ ಹೇಳಿದರು. ಜಗತ್ತಿನ ದೊಡ್ಡ ಚಾಂಪಿಯನ್ನನ್ನೂ ರಸ್ತೆಯ ಮೇಲಿನ ಒಂದು ಪೆಟ್ಟು ನಿಲ್ಲಿಸಿಬಿಡುತ್ತದೆ. ಇನ್ನು ನಮ್ಮ ಮಕ್ಕಳು?

ನನ್ನ ಶಾಲೆಯಲ್ಲಿ ಒಬ್ಬಳು ಹುಡುಗಿ ಇದ್ದಳು. ಅಪ್ಪ ದೋಣಿಗೆ ಹೋಗುವವರು, ತಾಯಿ ಮೀನು ಮಾರುವವರು. 3000 ಮೀಟರ್ ಓಟದಲ್ಲಿ ಅವಳ ಹಿಂದೆ ಹುಡುಗರೂ ಉಳಿಯುತ್ತಿದ್ದರು. ಮಳೆಗಾಲದಲ್ಲಿ ನಮ್ಮ ಮೈದಾನ ಗದ್ದೆ ಇದ್ದ ಹಾಗೆ. ಕ್ರೀಡಾಕೂಟಗಳು ಬರುವುದೂ ಅದೇ ಹೊತ್ತಿಗೆ. ಹಾಗಾಗಿ ಬೆಳಿಗ್ಗೆ ಐದೂವರೆಗೆ ಹೈವೇ ಅಂಚಿನಲ್ಲಿ ಓಡಿಸುತ್ತಿದ್ದೆ. ನಾನು ಹಿಂದೆ ಬೈಕಿನಲ್ಲಿ, ಲೈಟ್ ಹಾಕಿಕೊಂಡು. "ಸರ್, ನಾ ಇನ್ನೆರಡು ರೌಂಡ್ ಹೊಡಿತೆ" ಅನ್ನುತ್ತಿದ್ದಳು. ಒಂದು ದಿನ ಜಿಟಿಜಿಟಿ ಮಳೆ. ಹಿಂದಿನಿಂದ ಬಂದ ಪಿಕಪ್ ಗಾಡಿಯ ಕನ್ನಡಿ ಅವಳ ಮೊಣಕೈಗೆ ಬಡಿಯಿತು. ಜಲ್ಲಿ ಮೇಲೆ ಮುಗ್ಗರಿಸಿ ಬಿದ್ದಳು. ನಾನು ಬೈಕ್ ಬಿಟ್ಟು ಅವಳ ಹತ್ತಿರ ಓಡಿದೆ, ಅಷ್ಟರಲ್ಲಿ ಗಾಡಿ ಹೋಗಿಯೇಬಿಟ್ಟಿತ್ತು. ಮೊಣಕಾಲಿನ ಗಾಯದೊಳಗೆ ಕಡಲೆಕಾಳಿನಷ್ಟು ದೊಡ್ಡ ಜಲ್ಲಿಕಲ್ಲು ಸಿಕ್ಕಿಕೊಂಡಿತ್ತು. ಅವಳು ಅಳಲಿಲ್ಲ. "ಮನೇಲಿ ಹೇಳಬೇಡಿ ಸರ್" ಅಂದಳು.

ಹೇಳದೆ ಇರಲು ಆಗುತ್ತದಾ? ಅವಳ ತಾಯಿ ಸಿಟ್ಟು ಮಾಡಲಿಲ್ಲ. "ಓಟ ಸಾಕು ಸರ್, ಹುಡುಗಿ ಉಳಿದ್ರೆ ಸಾಕು" ಅಂದರು. ಅವರ ಮಾತು ಸರಿಯಾಗಿಯೇ ಇತ್ತು. ಅವಳನ್ನು ಆ ರಸ್ತೆಗೆ ಕರೆದುಕೊಂಡು ಹೋದವನು ನಾನು. ಆ ನೋವು ಇವತ್ತಿಗೂ ಹೋಗಿಲ್ಲ.

ರಾಷ್ಟ್ರೀಯ ಹೆದ್ದಾರಿ 66ನ್ನು ಚತುಷ್ಪಥ ಮಾಡುವಾಗ ಕೆಲವು ಕಡೆ ತಿರುವು ತಪ್ಪಿಸಿ ನೇರ ಮಾಡಿದ್ದಾರೆ. ಹಳೇ ರಸ್ತೆಯ ತುಂಡುಗಳು ಪಕ್ಕದಲ್ಲಿ ಸುಮ್ನೆ ಬಿದ್ದಿವೆ. ನಮ್ಮ ಶಾಲೆ ಹತ್ತಿರ ಅಂಥದ್ದೊಂದು ಇದೆ. ಸೈಕಲ್ ಮೀಟರಿನಲ್ಲಿ ಅಳೆದಿದ್ದೇನೆ, 1.3 ಕಿ.ಮೀ. ಡಾಂಬರು ಇನ್ನೂ ಚೆನ್ನಾಗಿದೆ. ಒಂದು ಬದಿಗೆ ಗೇರು ಗಿಡಗಳ ನೆರಳು, ನಡುವೆ ಸಣ್ಣ ಏರು. ತರಬೇತಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಮಧ್ಯದಲ್ಲಿ ಜಲ್ಲಿ ರಾಶಿ, ಒಡೆದ ಕಾಂಕ್ರೀಟ್ ಪೈಪು, ರಾತ್ರಿ ಲಾರಿ ನಿಲುಗಡೆ. ಅದನ್ನು ತೆರವು ಮಾಡಿಸಿ ಅಂತ ಒಂದು ಕಚೇರಿಗೆ ಮೂರು ಸಲ ಅರ್ಜಿ ಕೊಟ್ಟೆ. ಉತ್ತರ ಬಂದಿಲ್ಲ. ಅದಕ್ಕೇ ಈ ಬಹಿರಂಗ ಪತ್ರ.

ಕರಾವಳಿಯ ಮಕ್ಕಳಿಗೂ ಸ್ಕೀಯಿಂಗ್‌ಗೂ ಎಲ್ಲಿಂದೆಲ್ಲಿಗೆ ಸಂಬಂಧ ಅಂತ ಯಾರಾದರೂ ಕೇಳಬಹುದು. ಕೊಡಗಿನಲ್ಲಿ ಹಿಮ ಬೀಳುತ್ತದಾ ಸರ್? ಅಲ್ಲಿನ ತೆಕ್ಕಡ ಭವಾನಿ ನಂಜುಂಡ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. 2025ರಲ್ಲಿ ಚಿಲಿ ದೇಶದಲ್ಲಿ 5 ಕಿ.ಮೀ. ಕ್ರಾಸ್ ಕಂಟ್ರಿಯಲ್ಲಿ ಕಂಚು ಗೆದ್ದರು. ಈ ಆಟದಲ್ಲಿ ಅಂತರರಾಷ್ಟ್ರೀಯ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ನಮ್ಮ ರಾಜ್ಯದವರು. ನಮ್ಮ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಅವರ ಫೋಟೋ ಅಂಟಿಸಿದ್ದೇವೆ.

ನಮ್ಮ ಜಿಲ್ಲೆಯಲ್ಲಿ ಕಸುವಿಗೆ ಕೊರತೆ ಇಲ್ಲ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಕ್ಕಳನ್ನು ಹುಡುಕಿ, ಹಾಸ್ಟೆಲಿನಲ್ಲಿಟ್ಟು ತರಬೇತಿ ಕೊಟ್ಟಿತ್ತು. ಮಕ್ಕಳು ಪದಕಗಳನ್ನೂ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು, ಅರ್ಧ ದಾರಿಯಲ್ಲಿದ್ದವರು ಊರಿಗೆ ವಾಪಸ್ ಬಂದರು. ಯೋಜನೆ ಬರುತ್ತದೆ, ಹೋಗುತ್ತದೆ. ರಸ್ತೆ ಒಮ್ಮೆ ಸಿಕ್ಕರೆ ಇರುತ್ತದೆ, ಅಲ್ವಾ?

ಹಾಗಾಗಿ ನಾನು ಕೇಳುವುದು ಇಷ್ಟೇ. ಆ 1.3 ಕಿ.ಮೀ. ತುಂಡಿನಿಂದ ಜಲ್ಲಿ, ಪೈಪು ತೆಗೆಸಿ. ಎರಡೂ ಕಡೆ ಗೇಟ್ ಹಾಕಿಸಿ. ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ಒಂದು ವಾಹನವೂ ಒಳಗೆ ಬರದಿರಲಿ. ಓಡುವವರು ಓಡಲಿ, ಸೈಕಲ್ ಮಕ್ಕಳು ಸೈಕಲ್ ಹೊಡೆಯಲಿ, ಸ್ಕೇಟಿಂಗ್ ಕಲಿಯುವವರೂ ಬರಲಿ. ಕ್ರೀಡಾ ಇಲಾಖೆಯಿಂದ ನಾಲ್ಕು ಜೊತೆ ರೋಲರ್ ಸ್ಕೀ ಕೊಡಿಸಿ, ಗುಲ್ಮಾರ್ಗ್‌ಗೆ ಹೋಗುವ ರಾಜ್ಯ ತಂಡದ ಆಯ್ಕೆಗೆ ನಮ್ಮ ಮಕ್ಕಳನ್ನೂ ಕರೆಸಿದರೆ ಇನ್ನೂ ಖುಷಿ. ಅದು ಈಗಲೇ ಆಗದಿದ್ದರೆ ಕಾಯ್ತೇವೆ. ರಸ್ತೆ ಮಾತ್ರ ಬರುವ ಮಳೆಗಾಲದೊಳಗೆ ಆಗಬೇಕು.

ಕುಮಟಾ ಕಡೆ ಪ್ರವಾಸ ಇದ್ದ ದಿನ ಬೆಳಿಗ್ಗೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಬನ್ನಿ ಸರ್, ನಾನೇ ಜೊತೆಗೆ ಬಂದು ತೋರಿಸ್ತೇನೆ. ಆ ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ. ಗೇಟ್ ಹಾಕಿದ ದಿನ ನಾನು ಮೊದಲು ಹೋಗುವುದು ಅವಳ ಮನೆಗೆ, ಅವಳ ತಾಯಿಯನ್ನು ಇನ್ನೊಮ್ಮೆ ಕೇಳುವುದಕ್ಕೆ.

ಇಂತಿ,
ಕುಮಟಾ ತಾಲ್ಲೂಕಿನ ಒಬ್ಬ ದೈಹಿಕ ಶಿಕ್ಷಕ